ಇಪ್ಪತ್ತೆಂಟನೆಯ ಕಂಬ

ಕಳೆದ ತಿಂಗಳು ಅವರು ಕಂಬ ಹತ್ತುವುದನ್ನು ಬಿಟ್ಟರು. ನನಗೆ ಇದು ತಿಳಿದದ್ದು ಅವರಿಂದಲ್ಲ. ನಮ್ಮ ಆಫೀಸಿಗೆ ಅವರೇ ಹಾಕಿದ ಇಂಟರ್ನೆಟ್ ಲೈನಿನ ಬಗ್ಗೆ ಏನೋ ಕೇಳಲು ಫೋನು ಮಾಡಿದಾಗ ಅವರ ಮಗಳು ಎತ್ತಿದಳು.

"ನಮ್ಮ ಅಬ್ಬಾ ಕೆಲಸ ಬಿಟ್ಟಾರ್ರಿ. ಕಣ್ಣಿನ ಆಪರೇಷನ್ ಆಗ್ಯಾದ. ಕಪ್ಪು ಚಷ್ಮಾ ಹಾಕ್ಕೊಂಡು ಹೀರೋ ಆಗಿ ಕುಂತಾರ" ಎಂದು ನಕ್ಕಳು. ಹಿಂದಿನಿಂದ ಅವರ ದನಿ ಕೇಳಿಸಿತು: "ಯಾರದು? ಲೈನ್ ಚಾಲೂ ಅದೇನು ಕೇಳು."

ಚಾಲೂ ಇದೆ ಎಂದೆ. ಅಷ್ಟಕ್ಕೆ ಅವರಿಗೆ ಸಮಾಧಾನವಾಯಿತು. ಫೋನು ಕೈಗೆ ತೆಗೆದುಕೊಳ್ಳಲಿಲ್ಲ. ಗುತ್ತಿಗೆದಾರರ ಕೈಕೆಳಗೆ ದುಡಿದವರಿಗೆ ಬೀಳ್ಕೊಡುಗೆ ಸಮಾರಂಭವಿರುವುದಿಲ್ಲ. ಹಾರ, ಶಾಲು, ಗುಂಪಿನ ಫೋಟೊ ಯಾವುದೂ ಇಲ್ಲ. ಅವರು ಬರುತ್ತಿದ್ದರು, ಈಗ ಬರುವುದಿಲ್ಲ. ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಇಲ್ಲಿಯೂ ಅಷ್ಟೇ ಸಾಕು.

ನಮ್ಮದು ಚಿಕ್ಕ ಆಫೀಸು. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ವೈದ್ಯರು ರೋಗಿಯನ್ನು ನೋಡಿದ ಮೇಲೆ ವರದಿಯನ್ನು ಬಾಯಲ್ಲಿ ಹೇಳಿ ಧ್ವನಿಮುದ್ರಣ ಮಾಡಿಡುತ್ತಾರೆ. ಅದನ್ನು ಕೇಳಿ, ತಪ್ಪಿಲ್ಲದೆ ಟೈಪ್ ಮಾಡಿ, ವಾಪಸ್ ಕಳಿಸುವುದು ನಮ್ಮ ಕೆಲಸ. ಬೀದರಿನ ಆಫೀಸಿನಲ್ಲಿ ಹನ್ನೊಂದು ಜನ, ಭಾಲ್ಕಿಯ ಒಂದು ಕೋಣೆಯಲ್ಲಿ ನಾಲ್ವರು, ಔರಾದಿನ ಒಂದು ಕೋಣೆಯಲ್ಲಿ ನಾಲ್ವರು. ಹತ್ತೊಂಬತ್ತರಲ್ಲಿ ಹದಿನೈದು ಮಂದಿ ಹೆಣ್ಣುಮಕ್ಕಳು. ಕಲಬುರಗಿಯಲ್ಲಿ ಕಂಪ್ಯೂಟರ್ ವಿಷಯದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ಎಂಬ ಒಂದೇ ಕಾರಣಕ್ಕೆ ಮೂರೂ ಕಡೆಯ ನೆಟ್‌ವರ್ಕಿನ ಜವಾಬ್ದಾರಿ ನನ್ನ ಮೇಲೆ ಬಿದ್ದಿತ್ತು. ನಾನು ಬೇಡವೆನ್ನಲಿಲ್ಲ. ಯಂತ್ರಗಳ ಜೊತೆ ಹೆಚ್ಚು ಮಾತಾಡಬೇಕಾಗುವುದಿಲ್ಲ ಎಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ಪತ್ರ ಬಂತು. ಆಸ್ಪತ್ರೆಗಳು ಇನ್ನು ಮುಂದೆ ಗುರುತಿರುವ, ಬದಲಾಗದ ವಿಳಾಸದಿಂದ ಬಂದವರಿಗೆ ಮಾತ್ರ ತಮ್ಮ ಸರ್ವರಿನ ಬಾಗಿಲು ತೆರೆಯುತ್ತವೆ. ನಮ್ಮ ಸಾಮಾನ್ಯ ಬ್ರಾಡ್‌ಬ್ಯಾಂಡಿನ ವಿಳಾಸ ಆಗಾಗ ಬದಲಾಗುತ್ತಿತ್ತು, ವೇಗವೂ ಗಳಿಗೆಗೊಂದು. ಆದ್ದರಿಂದ ಬೀದರಿಗೆ ಪ್ರತ್ಯೇಕ ಲೀಸ್ಡ್ ಲೈನ್ ಹಾಕಿಸಬೇಕು. ಭಾಲ್ಕಿ, ಔರಾದಿನವರು ಅದರ ಮೂಲಕವೇ ಒಳಗೆ ಹೋಗಬೇಕು. ಮೂವತ್ತು ದಿನಗಳ ಪರೀಕ್ಷೆ. ಆ ಮೂವತ್ತು ದಿನಗಳ ಕೆಲಸದ ವೇಳೆಯಲ್ಲಿ ಲೈನು ಒಟ್ಟು ನಾಲ್ಕು ಗಂಟೆಗಿಂತ ಹೆಚ್ಚು ನಿಂತರೆ ಬೀದರಿನ ಆಫೀಸನ್ನು ಮುಚ್ಚಿ ಕೆಲಸವನ್ನು ಕಲಬುರಗಿಗೆ ಒಯ್ಯಲಾಗುವುದು.

ಔರಾದಿನ ಕೋಣೆಯನ್ನು ನೋಡಿಕೊಳ್ಳುವ ಅಕ್ಕನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನಮ್ಮಲ್ಲೆಲ್ಲ ಅತಿ ವೇಗವಾಗಿ ಟೈಪ್ ಮಾಡುವವಳು.

"ಔರಾದದಿಂದ ಕಲಬುರಗಿಗಿ ದಿನಾ ಹೋಗಿ ಬರ್ಲಕ್ಕ ನನಗ ರೆಕ್ಕಿ ಅವೇನು?" ಎಂದಳು. "ರೈಲೂ ಇಲ್ಲ ನಮ್ಮೂರಿಗಿ. ನೋಡವ್ವಾ, ಆ ಲೈನ್ ನಿನ್ನ ಕೂಸು ಅಂತ ತಿಳಿ."

ನನಗೂ ಈ ಕೆಲಸ ಬೇಕಾಗಿತ್ತು. ನನ್ನ ಊರು, ನನ್ನ ಮೇಜು, ಆರಕ್ಕೆ ಮನೆ, ಮನೆಯಲ್ಲಿ ಓದಲು ಒಂದು ಕಿಟಕಿ. ಇದಕ್ಕಿಂತ ಹೆಚ್ಚಿನದನ್ನು ನಾನು ಯಾರ ಬಳಿಯೂ ಕೇಳಿರಲಿಲ್ಲ.

ಚಾಚಾ ಮೊದಲು ಬಂದದ್ದು ಒಂದು ಸೋಮವಾರ ಬೆಳಗ್ಗೆ. ಲೈನಿನ ಕಂಪನಿ ಕೆಲಸವನ್ನು ಗುತ್ತಿಗೆಗೆ ಕೊಟ್ಟಿತ್ತು. ಗುತ್ತಿಗೆದಾರ ಇವರನ್ನು ಕಳಿಸಿದ್ದ. ವಯಸ್ಸು ಅರವತ್ತು ದಾಟಿತ್ತು. ಮೊಪೆಡ್ಡಿನ ಪಕ್ಕಕ್ಕೆ ಬಿದಿರಿನ ಏಣಿ ಕಟ್ಟಿಕೊಂಡು ಬಂದಿದ್ದರು. ನಮ್ಮ ಸರ್ವರ್ ಕೋಣೆ ಎಂದರೆ ಹಿಂದೆ ಕಸಬರಿಗೆ, ಬಕೆಟ್ಟು ಇಡುತ್ತಿದ್ದ ಗೂಡು. ಅದರ ಮುಂದೆ ನಿಂತು ಚಪ್ಪಲಿ ಬಿಟ್ಟರು.

"ಬೇಕಾಗಿಲ್ಲ, ಒಳಗೆ ಬನ್ನಿ" ಎಂದೆ.

"ಇರ್ಲಿರಿ ಮೇಡಂ. ಹತ್ತೊಂಬತ್ತ ಮಂದಿ ರೊಟ್ಟಿ ಅದ ಒಳಗ" ಎಂದರು.

ಹತ್ತೊಂಬತ್ತು ಎಂದು ಅವರಿಗೆ ಹೇಗೆ ಗೊತ್ತಾಯಿತೆಂದರೆ, ಮೆಟ್ಟಿಲು ಹತ್ತುವಾಗಲೇ ಕೆಳಗಿನ ಕಾವಲುಗಾರನ ಬಳಿ ಎಲ್ಲ ಕೇಳಿಕೊಂಡಿದ್ದರು. ಯಾವ ಜಾಗಕ್ಕೆ ಹೋದರೂ ಅವರ ಮೊದಲ ಕೆಲಸ ಅದೇ.

ಲೀಸ್ಡ್ ಲೈನ್ ಎಂದರೇನು ಎಂದು ಟೈಪ್ ಮಾಡುವ ಹುಡುಗಿಯರು ಅಂದು ನನ್ನನ್ನು ಕೇಳಿದರು. ನಾನು ಹಂಚಿಕೆಯ ಬ್ಯಾಂಡ್‌ವಿಡ್ತ್, ಕಾಯ್ದಿರಿಸಿದ ಬ್ಯಾಂಡ್‌ವಿಡ್ತ್ ಎಂದು ಸರಿಯಾಗಿಯೇ ವಿವರಿಸಿದೆ. ಅವರ ಮುಖಗಳು ಹಾಗೆಯೇ ಇದ್ದವು. ಗೋಡೆಗೆ ರಂಧ್ರ ಕೊರೆಯುತ್ತಿದ್ದ ಚಾಚಾ ಯಂತ್ರ ನಿಲ್ಲಿಸಿ ತಿರುಗಿದರು.

"ಔರಾದ ಬಸ್ ಹತ್ತೀರೇನ್ರಿ ಯಾವಾಗರೆ? ಬಸ್ ನಿಲ್ಲೋದ್ರಾಗ ಕಿಡಕ್ಯಾಗಿಂದ ಸೀಟಿನ ಮ್ಯಾಲ ಕರ್ಚೀಫ್ ಒಗೀಬೇಕು, ಇಲ್ಲಂದ್ರ ಸೀಟ್ ಸಿಗಂಗಿಲ್ಲ. ಮನಿ ಇಂಟರ್ನೆಟ್ ಅಂದ್ರ ಅದು. ಇದು ಜೀಪ್ ಮಾಡ್ಕೊಂಡು ಹೋದಂಗ. ಕರ್ಚೀಫ್ ಕಿಸ್ಯಾಗೇ ಇರ್ಲಿ."

ಹುಡುಗಿಯರು ನಕ್ಕರು. ಮುಂದೆ ಯಾರು ಕೇಳಿದರೂ ನಾನೂ ಕರ್ಚೀಫಿನದನ್ನೇ ಹೇಳತೊಡಗಿದೆ.

ಮರುದಿನದ ಕೆಲಸ ನನಗೆ ಇಷ್ಟವಾಗಲಿಲ್ಲ. ಕಂಪನಿಯ ಟವರಿನ ಕೋಣೆಯಿಂದ ನಮ್ಮ ಆಫೀಸಿಗೆ ಕೇಬಲ್ ಬರುವುದು ಕಂಬಗಳ ಮೇಲೆ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲನ್ನು ಅಗೆದು ನೆಲದಡಿ ಒಯ್ಯುವುದು ಸುಲಭವಲ್ಲ. ಹಳೆಯ ಶಹರದಲ್ಲಿ ಅಗೆಯಲು ಬಿಡುವುದೂ ಇಲ್ಲ. ಟವರಿನ ಕಡೆಯಿಂದ ಎಣಿಸಿದರೆ ಒಟ್ಟು ನಲವತ್ತೊಂದು ಕಂಬ; ಕೊನೆಯದರವರೆಗೂ ಕೇಬಲ್ ಎಳೆದಾಗಿತ್ತು. "ನಾಳಿ ಎಂಟಕ್ಕ ಬರ್ರಿ, ಲೈನ್ ನಡದು ನೋಡಮು" ಎಂದಿದ್ದರು ಚಾಚಾ.

"ನಕ್ಷೆ ಇದೆಯಲ್ಲ" ಎಂದೆ.

"ನಕ್ಷಾ ಇರ್ಲಿರಿ. ನಕ್ಷಾದಾಗ ಮಂದಿ ಇರಂಗಿಲ್ಲ."

ನಡೆದೆವು. ಪ್ರತಿ ಕಂಬದ ಬಳಿ ಅವರು ಅಂಗೈಯನ್ನು ಕಂಬಕ್ಕೆ ಚಪ್ಪಟೆಯಾಗಿ ಒತ್ತಿ ಒಂದು ಕ್ಷಣ ನಿಲ್ಲುತ್ತಿದ್ದರು, ಆಮೇಲೆ ಏಣಿ ಚಾಚುತ್ತಿದ್ದರು. ಇಳಿದ ಮೇಲೆ ಕಂಬದ ಬುಡದಲ್ಲಿ ಯಾರಿದ್ದಾರೋ ಅವರ ಬಳಿ ಹೋಗುತ್ತಿದ್ದರು. ಪಾನ್ ಅಂಗಡಿಯವನ ಮಂಡಿನೋವು, ಬಳೆ ಮಾರುವವಳ ಸೊಸೆಯ ಬಾಣಂತನ, ಶಾಲೆಯ ಜವಾನನ ವರ್ಗಾವಣೆ, ಎಲ್ಲ ಕೇಳಿ ಮುಗಿದ ಮೇಲೆ ವಿಷಯಕ್ಕೆ ಬರುತ್ತಿದ್ದರು: "ಈ ಕರೀ ವೈರ್ ನಮ್ದು. ಜರಾ ನಜರ್ ಇಡ್ರಿ. ಏನರೆ ಆದ್ರ ನನಗ ಒಂದು ಫೋನ್ ಹಚ್ರಿ." ಆಮೇಲೆ ನನ್ನ ಕಡೆ ಕೈ ತೋರಿಸಿ, "ಇವ್ರು ಮಾಲಕ್ರು" ಎನ್ನುತ್ತಿದ್ದರು.

ಐದು ಹೆಜ್ಜೆ ದೂರ ನಿಂತು ಕಂಬದ ತುದಿ ನೋಡುತ್ತಿದ್ದ ನಾನು ತಲೆಯಾಡಿಸುತ್ತಿದ್ದೆ.

"ಮೇಡಂ, ನಮಸ್ಕಾರರೆ ಮಾಡ್ರಿ" ಎಂದು ಮುಂದಿನ ಕಂಬಕ್ಕೆ ಹೋಗುವಾಗ ಮೆಲ್ಲಗೆ ಹೇಳಿದರು. "ವೈರಿಗೂ ನೆಂಟರು ಬೇಕಾಗ್ತದ. ಎಲ್ಲಿ ಜಗ್ಗತದ, ಎಲ್ಲಿ ಲಾರಿ ಹಾಯ್ತದ, ನಿಮ್ಮ ಕಂಪ್ಯೂಟರಿಗಿ ಏನ್ ಗೊತ್ತು?"

ಲೈನು ನಿಂತರೆ ಮರುಕ್ಷಣ ಹೇಳುವ ಸಾಫ್ಟ್‌ವೇರ್ ನನ್ನ ಬಳಿ ಇತ್ತು. ಅದನ್ನು ಹೇಳಲಿಲ್ಲ. ಮಾತನಾಡದಿರಲು ನೆಪ ಬೇಕಾಗಿದ್ದರಿಂದ ನಾನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ: ಕಂಬದ ಸಂಖ್ಯೆ, ಪಕ್ಕದ ಗುರುತು, ಮುಂದೆ ಎಂದಾದರೂ ಬೇಕಾದೀತೆಂದು ಹೆಚ್ಚುವರಿ ಕೇಬಲ್ಲನ್ನು ಸುತ್ತಿ ತೂಗುಹಾಕಿದ ಲೂಪು ಇದೆಯೇ, ಎಷ್ಟು ಮೀಟರಿನದು. ಆರನೆಯ ಕಂಬ, ಲೂಪು, ಇಪ್ಪತ್ತು ಮೀಟರ್. ಹೀಗೆ.

ಇಪ್ಪತ್ತೆಂಟನೆಯ ಕಂಬ ಒಬ್ಬ ಟೇಲರನ ಅಂಗಡಿಯ ಮಗ್ಗುಲಲ್ಲಿತ್ತು. ಎಲ್ಲರೂ ಅವನನ್ನು ಮಾಸ್ಟರ್ ಎನ್ನುತ್ತಿದ್ದರು. ಅಲ್ಲಿಯೂ ಒಂದು ಲೂಪು, ಅಂಗಡಿಯ ತಗಡಿನ ಮಾಡಿನ ಮೇಲೆ ನಿಂತರೆ ಕೈಗೆ ಸಿಗುವ ಎತ್ತರದಲ್ಲಿ. ಮಾಸ್ಟರ್ ಹೊಲಿಯುವುದನ್ನು ನಿಲ್ಲಿಸಿ ಬಹಳ ಗಂಭೀರವಾಗಿ ಕೇಳಿದ: "ಚಾಚಾ, ಇದನ್ನ ಹ್ಯಾಂಗ ನೋಡ್ಕೋಬೇಕು?"

"ನಿಮ್ಮ ಮನಿದೇ ಅಂತ ತಿಳೀರಿ, ಅಷ್ಟೇ."

ಕಂಪನಿ ಕೊಟ್ಟ ಸೂಚನೆಯ ಹಾಳೆಯನ್ನು ನಾನು ಹಿಂದಿನ ಸಂಜೆ ಎರಡು ಸಲ ಓದಿದ್ದೆ. ಕೇಬಲ್ಲಿನೊಳಗೆ ಇರುವುದು ಕೂದಲಿನಷ್ಟು ತೆಳುವಾದ ಗಾಜು, ಅದರಲ್ಲಿ ಹರಿಯುವುದು ಬೆಳಕು. ಊಟದ ತಾಟಿಗಿಂತ ಚಿಕ್ಕ ಸುತ್ತಾಗಿ ಬಗ್ಗಿಸಿದರೆ ಬೆಳಕು ಹೊರಗೆ ಸೋರಿಹೋಗಬಹುದು. ಇದನ್ನು ಹೇಳಬೇಕೆಂದು ಬಾಯಿ ತೆರೆದೆ. ಹೊಲಿದ ಬಟ್ಟೆಗಾಗಿ ಕಾದಿದ್ದ ನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿದೆ. ಚಾಚಾ ಆಗಲೇ ಮುಂದಿನ ಕಂಬದ ಕಡೆ ಹೊರಟಿದ್ದರು.

ಲೈನು ಆಫೀಸಿಗೆ ಬಂದು ಮುಟ್ಟಿದ ದಿನ ಅವರ ಕೆಲಸ ಹನ್ನೊಂದು ಗಂಟೆಗೇ ಮುಗಿಯಿತು. ಗಾಜಿನ ಕೊನೆ ಒಂದು ಸಣ್ಣ ಪೆಟ್ಟಿಗೆಯೊಳಗೆ ಸೇರಿತು. ಅಲ್ಲಿಂದ ಮುಂದಿನದು ನನ್ನದು. ಕಂಪನಿ ಕಳಿಸಿದ ಹಾಳೆಯಲ್ಲಿದ್ದ ಅಂಕೆಗಳನ್ನು, ಎಂದರೆ ನಮ್ಮ ಸ್ಥಿರ ವಿಳಾಸ, ಅವರ ಗೇಟ್‌ವೇ, ಉಳಿದವು, ಒಂದೊಂದಾಗಿ ರೌಟರಿಗೆ ತುಂಬಿದೆ. ಚಾಚಾ ಹಾಳೆಯನ್ನು ದೂರ ಹಿಡಿದು ನೋಡಿ ವಾಪಸ್ ಕೊಟ್ಟರು: "ನಂದು ರಸ್ತಾ, ನಿಮ್ದು ಪತ್ತಾ."

ಹಸಿರು ದೀಪ ಹತ್ತಿತು. ಆದರೆ ವೇಗ ಬರಬೇಕಾದದ್ದರ ಕಾಲುಭಾಗವೂ ಇರಲಿಲ್ಲ. ಒಂದು ಕಡತ ಇಳಿಸಿದರೆ ಇನ್ನೊಂದು ಸಿಕ್ಕಿಕೊಳ್ಳುತ್ತಿತ್ತು. ನಾನು ಅಂಕೆಗಳನ್ನು ಮೂರು ಸಲ ನೋಡಿದೆ. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಚಾಚಾ ಸ್ಟೂಲಿನ ಮೇಲೆ ಕುಳಿತೇ ಇದ್ದರು.

"ನಿಮ್ಮ ಕೆಲಸ ಮುಗಿದಿದೆ, ಹೋಗಬಹುದು" ಎಂದೆ.

"ನಾ ಹೋದ್ರ ನಿಮ್ಮ ದೀಪ ಬರಾಬರಿ ಹತ್ತಿದ್ದು ಯಾರ್ ನೋಡಬೇಕ್ರಿ?"

ಕೊನೆಗೆ ಸಿಕ್ಕಿತು. ಕಂಪನಿಯ ಪೆಟ್ಟಿಗೆ ಏಕಕಾಲಕ್ಕೆ ಹೇಳುವುದಕ್ಕೂ ಕೇಳುವುದಕ್ಕೂ ಸಿದ್ಧವಾಗಿತ್ತು. ನಮ್ಮ ರೌಟರ್ ಅದನ್ನು ತಾನೇ ಊಹಿಸಲು ಹೋಗಿ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಎಂಬ ಹಳೆಯ ಕ್ರಮಕ್ಕೆ ಇಳಿದಿತ್ತು. ಎರಡನ್ನೂ ಒಂದೇ ಕ್ರಮಕ್ಕೆ ಹೊಂದಿಸಿದೆ; ವೇಗ ಪೂರ್ತಿ ಬಂತು. ಏನಾಗಿತ್ತು ಎಂದು ಅವರು ಕೇಳಿದ್ದಕ್ಕೆ ವಿವರಿಸಿದೆ. ಚಾಚಾ ಗದ್ದ ಕೆರೆದುಕೊಂಡರು.

"ನಮ್ಮನ್ಯಾಗ ನಾನೂ ನಮ್ಮಾಕಿನೂ ಒಂದೇ ಸಲ ಮಾತಾಡ್ತೇವಿ, ಇಬ್ಬರಿಗೂ ಕೇಳಸ್ತದ. ನಲವತ್ತು ವರ್ಷ ಆಯ್ತು, ಲೈನ್ ಕಟ್ ಆಗಿಲ್ಲ."

ನಾನು ಆಫೀಸಿನಲ್ಲಿ ಜೋರಾಗಿ ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಯಾರೋ ಹೇಳಿದರು.

ಅವರು ಹುಟ್ಟಾ ತಾಮ್ರದ ಮನುಷ್ಯ. ಟೆಲಿಫೋನಿನ ಕಾಲದಲ್ಲಿ ತಾಮ್ರದ ತಂತಿ ಜೋಡಿಸುತ್ತ ಬೀದರಿನಿಂದ ಔರಾದಿನವರೆಗೆ ಎಷ್ಟು ಸಲ ನಡೆದರೋ ಅವರಿಗೂ ಲೆಕ್ಕವಿಲ್ಲ. ಮನೆಯಲ್ಲಿ ದಖನಿ, ಬೀದರಿನಲ್ಲಿ ಕನ್ನಡ, ಔರಾದ ಹತ್ತಿರ ಬಂದಂತೆ ಮರಾಠಿ. ಕಂಬ ಬದಲಾದಂತೆ ಅವರ ಭಾಷೆಯೂ ಬದಲಾಗುತ್ತಿತ್ತಂತೆ. ಆ ದಿನಗಳ ಒಂದು ಕಥೆಯನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ. ಜನವಾಡದ ಹತ್ತಿರ ಒಬ್ಬ ರೈತ ತನ್ನ ಎಮ್ಮೆಯನ್ನು ಟೆಲಿಫೋನ್ ಕಂಬದ ಬಿಗಿತಂತಿಗೆ ಕಟ್ಟುತ್ತಿದ್ದ. ಎಮ್ಮೆ ಜಗ್ಗಿದಾಗಲೆಲ್ಲ ಕಂಬ ಅಲುಗಾಡಿ ಔರಾದಿನ ಫೋನುಗಳಲ್ಲಿ ಗೊರಗೊರ ಸದ್ದು. ಇವರಿಗಿಂತ ಮೊದಲು ಹೋದವರೆಲ್ಲ ಜಗಳವಾಡಿ ಬಂದಿದ್ದರು. ಇವರು ಹೋದವರೇ ಮೂರು ಹೆಜ್ಜೆ ಆಚೆ ಒಂದು ಗಟ್ಟಿಯಾದ ಗೂಟ ಬಡಿದು, ಎಮ್ಮೆಯನ್ನು ಅದಕ್ಕೆ ಕಟ್ಟಿ ಬಂದರು.

"ಎಮ್ಮಿಗೇನ್ ಗೊತ್ತ್ರಿ ತಂತಿ ಅಂದ್ರ? ಅದಕ್ಕೊಂದು ಗೂಟ ಬೇಕಿತ್ತು."

"ರೈತ ಏನೆಂದ?"

"ಏನಂತಾನ? ಗೂಟ ಚಲೋ ಅದ, ಇನ್ನೊಂದು ಬಡೀರಿ, ಎಮ್ಮಿ ಕರಾನೂ ಅದ ಅಂದ."

ಬೇರೆ ಕಂಪನಿಗಳ ಕೇಬಲ್ಲು ಜೋತುಬಿದ್ದಿದ್ದರೂ ಅವರು ಬಿಡುತ್ತಿರಲಿಲ್ಲ. ಏಣಿ ಹಾಕಿ, ಜೇಬಿನಿಂದ ತಂತಿಯ ತುಂಡು ತೆಗೆದು ಕಟ್ಟಿಯೇ ಮುಂದೆ ಹೋಗುವುದು. ನಿಮಗೇಕೆ ಎಂದು ಒಮ್ಮೆ ಕೇಳಿದೆ. "ಅದ್ರಾಗೂ ಯಾರರೆ ಮಾತಾಡ್ಲಕತ್ತಿರ್ತಾರ" ಎಂದರು.

ಪರೀಕ್ಷೆಯ ಮೊದಲ ಇಪ್ಪತ್ತೆರಡು ದಿನಗಳಲ್ಲಿ ಲೈನು ನಿಂತದ್ದು ಒಂದೇ ಸಲ, ನಲವತ್ತು ನಿಮಿಷ. ಅದು ಟವರಿನ ಕಡೆಯ ತೊಂದರೆ. ನಾನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಅದನ್ನು ಬರೆದಿದ್ದೆ. ಉಳಿದದ್ದು ಮೂರು ಗಂಟೆ ಇಪ್ಪತ್ತು ನಿಮಿಷ.

ಇಪ್ಪತ್ಮೂರನೆಯ ದಿನ ಬೆಳಗ್ಗೆ ಹತ್ತು ಐವತ್ತಕ್ಕೆ ಪೆಟ್ಟಿಗೆಯ ದೀಪ ಕೆಂಪಾಯಿತು. ನನ್ನ ಸಾಫ್ಟ್‌ವೇರ್ ಹೇಳುವುದಕ್ಕೂ ಔರಾದಿನ ಫೋನು ಬರುವುದಕ್ಕೂ ಅಂತರವಿರಲಿಲ್ಲ.

"ಬಂದ್ ಆಯ್ತಲ್ಲವ್ವಾ" ಎಂದಳು ಅಕ್ಕ. ನಾನು ನೋಡುತ್ತಿದ್ದೇನೆ ಎಂದೆ. ಅವಳು ಫೋನು ಇಡಲಿಲ್ಲ. ಕೊನೆಗೆ ನಾನೇ ಇಟ್ಟೆ.

ನಮ್ಮ ಯಂತ್ರಗಳೆಲ್ಲ ಸರಿಯಾಗಿದ್ದವು. ಬೆಳಕೇ ಬರುತ್ತಿರಲಿಲ್ಲ. ಚಾಚಾ ಹತ್ತು ನಿಮಿಷದಲ್ಲಿ ಬಂದರು. ಲೈನಿನ ಕಂಪನಿಯ ಇಂಜಿನಿಯರ್ ಬಂದು ತಲುಪುವಾಗ ಹನ್ನೆರಡೂವರೆ. ಅವರ ಬಳಿ ಒಂದು ಯಂತ್ರವಿತ್ತು. ಟವರಿನ ಕಡೆಯಿಂದ ಕೇಬಲ್ಲಿನೊಳಗೆ ಬೆಳಕು ಬಿಟ್ಟರೆ, ಅದು ಎಷ್ಟು ದೂರ ಹೋಗಿ ನಿಂತಿತು ಎಂದು ಹೇಳುತ್ತದೆ. ಸಾವಿರದ ಇನ್ನೂರ ಅರವತ್ತು ಮೀಟರ್. ಇಂಜಿನಿಯರ್ ಮೊಬೈಲಿನ ನಕ್ಷೆಯಲ್ಲಿ ಅಷ್ಟು ದೂರ ಅಳೆದು ಮೂವತ್ತೊಂದನೆಯ ಕಂಬದ ಮುಂದೆ ಗಾಡಿ ನಿಲ್ಲಿಸಿದರು. ಅಲ್ಲಿ ಏನೂ ಆಗಿರಲಿಲ್ಲ. ಏಣಿ ಹಾಕಿಸಿ ಕೇಬಲ್ಲು ಕತ್ತರಿಸಿ ನೋಡೋಣ ಎಂದರು. ಕತ್ತರಿಸಿದರೆ ಮತ್ತೆ ಜೋಡಿಸಲು ಇನ್ನೊಂದು ಗಂಟೆ. ಆಗಲೇ ಗಂಟೆ ಒಂದು ಹತ್ತಾಗಿತ್ತು. ನಮಗೆ ಉಳಿದದ್ದು ಒಂದೇ ಗಂಟೆ.

"ಸಾಹೇಬ್ರ, ಜರಾ ತಡೀರಿ" ಎಂದರು ಚಾಚಾ. "ನಿಮ್ಮ ಮಷೀನ್ ಸುಳ್ಳ ಹೇಳಂಗಿಲ್ಲ. ಆದ್ರ ಅದು ವೈರ್ ಅಳೀತದ, ರಸ್ತಾ ಅಳ್ಯಂಗಿಲ್ಲ. ಸುತ್ತಿ ಇಟ್ಟಿದ್ದು ಎಲ್ಲಿ ಹೋಯ್ತು?" ನನ್ನ ಕಡೆ ತಿರುಗಿದರು. "ಮೇಡಂ, ನಿಮ್ಮ ವಹಿ ತಗೀರಿ."

ತೆಗೆದೆ. ಟವರಿನ ಕೋಣೆಯೊಳಗೆ ನಲವತ್ತು ಮೀಟರ್. ದಾರಿಯಲ್ಲಿ ಇಪ್ಪತ್ತರ ಐದು ಲೂಪು. ಒಟ್ಟು ನೂರ ನಲವತ್ತು. ಕಳೆದರೆ ಸಾವಿರದ ನೂರ ಇಪ್ಪತ್ತು. ಕಂಬದಿಂದ ಕಂಬಕ್ಕೆ ಸುಮಾರು ನಲವತ್ತು. ನಾನು ಭಾಗಿಸುವ ಮೊದಲೇ ಅವರು ಹಿಂದಕ್ಕೆ ನಡೆಯತೊಡಗಿದ್ದರು.

ಇಪ್ಪತ್ತೆಂಟನೆಯ ಕಂಬದ ಲೂಪು ಕಾಣಿಸಲಿಲ್ಲ. ಅದರ ಜಾಗದಲ್ಲಿ ಖಾಕಿ ಬಟ್ಟೆಯ ಒಂದು ಚೀಲ ನೇತಾಡುತ್ತಿತ್ತು, ಅಚ್ಚುಕಟ್ಟಾಗಿ, ಹೆಣ್ಣುಮಗಳ ತುರುಬಿನಷ್ಟು ಗಾತ್ರ. ಬಾಯಿಗೆ ಲಾಡಿ ಪೋಣಿಸಿ ಬಿಗಿಯಾಗಿ ಎಳೆದು ಕಟ್ಟಲಾಗಿತ್ತು.

ಮಾಸ್ಟರ್ ಮಷೀನು ಬಿಟ್ಟು ಹೊರಗೆ ಓಡಿಬಂದ. ಮುಖದ ತುಂಬ ನಗು.

"ನೋಡಿದ್ರಿ ಚಾಚಾ? ಡಬಲ್ ಹೊಲಿಗಿ ಹಾಕೀನಿ. ಎರಡ್ ದಿನದಿಂದ ಮಂಗ್ಯಾಗಳು ಅದ್ರ ಮ್ಯಾಲ ಜೋಕಾಲಿ ಆಡ್ಲಕತ್ತಿದ್ವು. ಇವತ್ತ ದುಕಾನ್ ತಗದ ಕೂಡ್ಲೆ ಏರಿ ಹಾಕ್ದೆ. ಸಾಲಿ ಯೂನಿಫಾರಂ ಬಟ್ಟಿ ಅದು, ಹರಿಯಂಗಿಲ್ಲ."

ಚಾಚಾ ಮಾಡು ಹತ್ತಿದರು. ಲಾಡಿ ಸಡಿಲಿಸಿದರು, ಚೀಲ ಕೆಳಗೆಳೆದರು, ಒತ್ತಿ ಕುಳಿತಿದ್ದ ಕೇಬಲ್ಲು ನಿಧಾನವಾಗಿ ಬಿಚ್ಚಿಕೊಂಡು ತನ್ನ ಹಳೆಯ ಅಗಲಕ್ಕೆ ಬಂತು. ನನ್ನ ಫೋನು ರಿಂಗಾಯಿತು. ದೀಪ ಹಸಿರಾಗಿದೆ ಎಂದರು ಆಫೀಸಿನಿಂದ. ಗಂಟೆ ಒಂದು ಮೂವತ್ತಾರು. ಹಿಂದಿನ ನಲವತ್ತು ನಿಮಿಷವನ್ನೂ ಮನಸ್ಸಿನಲ್ಲೇ ಕೂಡಿಸಿದೆ: ಮೂರು ಗಂಟೆ ಇಪ್ಪತ್ತಾರು ನಿಮಿಷ. ನಾಲ್ಕಾಗಿರಲಿಲ್ಲ.

ಮಾಸ್ಟರನ ನಗು ಹೋಗಿತ್ತು. "ನನ್ನಿಂದ ಬಂದ್ ಆಗಿತ್ತೇನ್ರಿ?"

"ನನ್ನಿಂದ" ಎಂದರು ಚಾಚಾ ಮೇಲಿನಿಂದಲೇ. "ನೋಡ್ಕೋರಿ ಅಂದೆ. ಹ್ಯಾಂಗ ಅಂತ ಹೇಳಿದ್ದಿಲ್ಲ. ನಾ ತಾಮ್ರದಾಗ ಮುದಕ ಆದವ. ತಾಮ್ರ ಎಷ್ಟು ಮಣಿಸಿದ್ರೂ ಮಾತಾಡ್ತಿತ್ತು. ಇದು ಗಾಜು."

ಮಾಸ್ಟರ್ ಒಳಗೆ ಹೋಗಿ ಅರ್ಧ ಬಾಗಿಲು ಎಳೆದುಕೊಂಡ.

ಸಂಜೆ ನಾನು ಮುಖ್ಯ ಕಚೇರಿಗೆ ವರದಿ ಬರೆಯಬೇಕಿತ್ತು. ನಾಲ್ಕು ಗಂಟೆ ದಾಟಿರದಿದ್ದರೂ ಕಾರಣ ಸರಿಯಿಲ್ಲವೆನಿಸಿದರೆ ಅವರು ಲೈನನ್ನು ತಿರಸ್ಕರಿಸಬಹುದಿತ್ತು. ಇಂಜಿನಿಯರ್ ನನ್ನ ಮೇಜಿನ ಮುಂದೆ ಕುಳಿತು ಸಹಾಯ ಮಾಡಿದರು.

"ಸ್ಥಳೀಯರ ಹಸ್ತಕ್ಷೇಪ ಅಂತ ಬರೀರಿ ಮೇಡಂ. ನಮ್ಮ ಮ್ಯಾಲೂ ಬರಂಗಿಲ್ಲ, ನಿಮ್ಮ ಮ್ಯಾಲೂ ಬರಂಗಿಲ್ಲ."

ಸ್ಟೂಲಿನ ಮೇಲಿದ್ದ ಚಾಚಾ ತಲೆ ಎತ್ತಿದರು. "ಆ ಮಾತು ಬ್ಯಾಡ್ರಿ. ಅಂವಾ ಮಂಗ್ಯಾನ ಕೈಯಾಗಿಂದ ಉಳಿಸ್ಯಾನ. ನಂದು ಬರೀರಿ. ಮುದಕ ಹೇಳ್ಲಕ್ಕ ಮರ್ತ ಅಂತ."

ಹಾಗೆ ಬರೆದರೆ ಗುತ್ತಿಗೆದಾರ ಅವರನ್ನು ಮರುದಿನವೇ ತೆಗೆಯುತ್ತಿದ್ದ. ಅದು ಅವರಿಗೂ ಗೊತ್ತಿತ್ತು. ಅವರಿಗೆ ಗೊತ್ತಿರದ ಒಂದು ಸಂಗತಿ ನನಗೆ ಗೊತ್ತಿತ್ತು.

ನಾಲ್ಕು ವಾಕ್ಯ ಬರೆದೆ. ಇಪ್ಪತ್ತೆಂಟನೆಯ ಕಂಬದಲ್ಲಿ ಕೇಬಲ್ಲಿನ ಲೂಪು ಅಳತೆಗಿಂತ ಚಿಕ್ಕದಾಗಿ ಬಗ್ಗಿತ್ತು. ಅದನ್ನು ಕೋತಿಗಳಿಂದ ಕಾಪಾಡಲು ಪಕ್ಕದ ಅಂಗಡಿಯವರು ಚೀಲ ಹೊಲಿದು ಹಾಕಿದ್ದರು. ಎಷ್ಟು ಬಗ್ಗಿಸಬಹುದೆಂಬ ಸೂಚನೆಯನ್ನು ನಾನು ಓದಿದ್ದೆ; ಅವರು ಕೇಳಿದಾಗ ನಾನು ಅಲ್ಲಿಯೇ ಇದ್ದೆ; ಹೇಳಲಿಲ್ಲ. ಎಲ್ಲ ಕಂಬಗಳ ಬಳಿ ನಾನೇ ಹೋಗಿ ಹೇಳುತ್ತೇನೆ. ಕೆಳಗೆ ಸಹಿ ಮಾಡಿ ಕಳಿಸಿದೆ. ಚಾಚಾ ಏನು ಬರೆದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇಂಜಿನಿಯರ್ ಓದಿ, ಕನ್ನಡಕ ತೆಗೆದು ಒರೆಸಿ, "ನಿಮ್ಮಿಷ್ಟ" ಎಂದು ಎದ್ದುಹೋದರು.

ಮರುದಿನ ಬೆಂಗಳೂರಿನ ಮೇಲಧಿಕಾರಿ ಫೋನು ಮಾಡಿದರು. ಅವರ ದನಿಯನ್ನು ನಾನು ಅಷ್ಟರವರೆಗೆ ಎರಡು ಸಲ ಮಾತ್ರ ಕೇಳಿದ್ದೆ.

"ಕೇಬಲ್‌ಗೆ ಚೀಲ ಹೊಲ್ದಿದ್ರಾ?"

"ಹೌದು ಮೇಡಂ."

"ದುಡ್ಡು ಕೊಟ್ಟು ಹೊಲಿಸಿದ್ದಾ?"

"ಇಲ್ಲ. ಅವರಾಗಿಯೇ."

"ಇಲ್ಲಿ ನಮ್ಮ ಬಿಲ್ಡಿಂಗ್ ಮುಂದೆ ಕೇಬಲ್ ತಿಂಗಳಿಂದ ರೋಡಲ್ಲೇ ಬಿದ್ದಿದೆ" ಎಂದರು. "ಸರಿ. ಉಳಿದ ದಿನ ನೋಡೋಣ."

ಉಳಿದ ದಿನಗಳಲ್ಲಿ ಲೈನು ಒಂದು ನಿಮಿಷವೂ ನಿಲ್ಲಲಿಲ್ಲ. ಮೂವತ್ತೊಂದನೆಯ ದಿನ ಬಂದ ಮಿಂಚಂಚೆಯಲ್ಲಿ ಎರಡೇ ಸಾಲು: ಲೈನು ಒಪ್ಪಿಗೆಯಾಗಿದೆ, ಬೀದರಿನ ಆಫೀಸು ಮುಂದುವರಿಯುತ್ತದೆ. ಫೋನಿನಲ್ಲಿ ಭಾಲ್ಕಿಯವರ ಕಿರುಚಾಟ ಕೇಳಿಸಿತು. ಔರಾದಿನ ಅಕ್ಕ, "ಇವತ್ತ ನಮ್ಮನ್ಯಾಗ ಶೀರಾ ಮಾಡ್ತೇನಿ. ನೀ ಬಸ್ಸಿಗಿ ಬರ್ತಿದಿ ಅಂದ್ರ ಕರ್ಚೀಫ್ ಒಗದು ಬಾ" ಎಂದಳು.

ಚಾಚಾಗೆ ಹೇಳಿದಾಗ ಅವರು ಅಂಗೈಯನ್ನು ರೌಟರಿನ ಪೆಟ್ಟಿಗೆಯ ಮೇಲೆ ಒತ್ತಿಟ್ಟು ಒಂದು ಕ್ಷಣ ನಿಂತರು. ಆಮೇಲೆ, "ನಡೀರಿ. ನೆಂಟರಿಗಿ ಹೇಳಿ ಬರಮು. ಪಾಸಾದ್ರ ಹೇಳಂಗಿಲ್ಲೇನ್ರಿ?" ಎಂದರು. ಒಂದು ಡಬ್ಬಿ ಪೇಢೆ ತಂದಿದ್ದರು. ಡಬ್ಬಿ ತಾವು ಹಿಡಿದು, ಮಾತು ನನಗೆ ಬಿಟ್ಟರು.

ಮೊದಲ ಕಂಬದ ಬಳಿ ನನ್ನ ದನಿ ನನಗೇ ಕೇಳಿಸಲಿಲ್ಲ. ಪಾನ್ ಅಂಗಡಿಯವನು ಕಿವಿಗೆ ಕೈ ಹಚ್ಚಿದ. ಚಾಚಾ ನೆರವಿಗೆ ಬರಲಿಲ್ಲ. ಪೇಢೆಯ ಡಬ್ಬಿಯ ದಾರ ಬಿಚ್ಚುವುದರಲ್ಲಿ ಮಗ್ನರಾಗಿದ್ದರು. ಎರಡನೆಯ ಸಲ ಹೇಳಿದೆ: ಇದು ಗಾಜು, ಊಟದ ತಾಟಿಗಿಂತ ಸಣ್ಣದಾಗಿ ಸುತ್ತಬಾರದು. "ಹಂಗೇನ್ರಿ? ನಾ ಇದು ಲೈಟಿನ ವೈರ್ ಅಂತ ತಿಳಿದಿದ್ದೆ" ಎಂದ. ಹತ್ತನೆಯ ಕಂಬದ ಹೊತ್ತಿಗೆ ಮಂಡಿನೋವು, ಬಾಣಂತನಗಳನ್ನೂ ನಾನೇ ಕೇಳುತ್ತಿದ್ದೆ. ಬಳೆ ಮಾರುವವಳು, "ಇಷ್ಟ ದಿನ ಮೂಕಿ ಅಂತ ತಿಳಿದಿದ್ದೆನವ್ವಾ ನಿನಗ" ಎಂದು ನನ್ನ ಕೆನ್ನೆ ಮುಟ್ಟಿದಳು.

ಇಪ್ಪತ್ತೆಂಟನೆಯ ಕಂಬದ ಬಳಿ ಮಾಸ್ಟರ್ ನಮ್ಮನ್ನು ಕಂಡೂ ಕಾಣದವನಂತೆ ಮಷೀನು ತುಳಿಯುತ್ತಿದ್ದ. ಪೇಢೆ ಕೊಟ್ಟರೆ ಮೇಜಿನ ಮೇಲಿಡಲು ಹೇಳಿದ.

"ನಾ ಇನ್ನ ಆ ವೈರಿಗಿ ಕೈ ಹಚ್ಚಂಗಿಲ್ರಿ."

ಚಾಚಾ ಮಾತಾಡುತ್ತಾರೆಂದು ಕಾದೆ. ಅವರು ಮಾಡಿನ ಮೇಲೆ ಕುಳಿತ ಕೋತಿಯೊಂದನ್ನು ನೋಡುತ್ತಿದ್ದರು.

"ಹಚ್ಚಬೇಕ್ರಿ ಮಾಸ್ಟರ್" ಎಂದೆ. "ಮಂಗ್ಯಾಗಳು ಇನ್ನೂ ಅಲ್ಲೇ ಅವ. ಚೀಲ ಚಲೋ ಇತ್ತು. ಬಿಗಿ ಆಗಿತ್ತು, ಅಷ್ಟೇ."

ಮಷೀನು ನಿಂತಿತು. "ಬಿಗಿ ಆಗಿತ್ತು ಅಂದ್ರ? ಎಷ್ಟು ಬಿಡಬೇಕಿತ್ತು?"

ಎರಡೂ ಕೈ ಅಗಲಿಸಿ ತಾಟಿನ ಗಾತ್ರ ತೋರಿಸಿದೆ. ಅವನು ಎದ್ದು, ಕೊರಳಿನ ಟೇಪು ಎಳೆದು, ನನ್ನ ಅಂಗೈಗಳ ನಡುವೆ ಹಿಡಿದ. ಹದಿನಾಲ್ಕು ಇಂಚು. ತಲೆಯಾಡಿಸಿ, "ಎರಡಿಂಚ್ ಸಡಲ ಬಿಡ್ತೇನಿ. ಲಾಡಿ ಬ್ಯಾಡ, ಗುಂಡಿ ಹಚ್ತೇನಿ" ಎಂದ. ಗಿರಾಕಿಗಳ ಅಳತೆಯ ಪುಸ್ತಕ ತೆಗೆದ. ಎದೆ, ಸೊಂಟ, ತೋಳು ಎಂದು ಊರಿನವರೆಲ್ಲರ ಅಳತೆ ತುಂಬಿದ ಪುಟಗಳನ್ನು ತಿರುವಿ ಹೊಸ ಪುಟದ ಮೇಲೆ ಪೆನ್ಸಿಲ್ ಇಟ್ಟ.

"ಯಾರ ಹೆಸರ್ಲೆ ಬರೀಲಿ? ಚಾಚಾದೇನು?"

"ಬೇಡ" ಎಂದು ನನ್ನ ಹೆಸರು ಹೇಳಿದೆ.

"ಮನಿತನದ ಅಡ್ಡಹೆಸರು?"

ಕಾದಿದ್ದ ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. ಅದನ್ನೂ ಹೇಳಿದೆ, ಎಲ್ಲರಿಗೂ ಕೇಳುವಂತೆ. ಮಾಸ್ಟರ್ ಬರೆದುಕೊಂಡು ಕೆಳಗೆ ಒಂದು ಗೆರೆ ಎಳೆದ. ಪೇಢೆ ಬಾಯಿಗೆ ಹಾಕಿಕೊಂಡು, ಯಾವತ್ತಿಗೆ ಬೇಕೆಂದು ಕೇಳಿದ.